ಐದು ಲೀಟರಿನ ಯಜಮಾನ

ನಮ್ಮ ನಾಡಿನಲ್ಲಿ ಬಿಟ್ಟಿಯಾಗಿ ಸಿಗುವ ಸಲಹೆಗಳಲ್ಲಿ ‘ಚೆನ್ನಾಗಿ ನೀರು ಕುಡೀರಿ’ ಎನ್ನುವುದಕ್ಕೇ ಮೊದಲ ಮಣೆ. ತಲೆನೋವು ಅಂದರೂ ಅದೇ, ಮಲಬದ್ಧತೆ ಅಂದರೂ ಅದೇ, ಮುಖದಲ್ಲಿ ಕಳೆಯಿಲ್ಲ ಅಂದರೂ ಅದೇ. ಮಗನಿಗೆ ಹೆಣ್ಣು ಸಿಗುತ್ತಿಲ್ಲ ಎಂದು ಪಾರ್ಕಿನಲ್ಲಿ ಒಬ್ಬರು ಗೋಳಾಡಿಕೊಂಡಾಗ, ಪಕ್ಕದಲ್ಲಿ ಕೂತಿದ್ದವರು ‘ದಿನಾ ಮೂರು ಲೀಟರ್ ನೀರು ಕುಡಿಸಿ ನೋಡಿ, ಹುಡುಗ ಹೇಗೆ ಹೊಳೀತಾನೆ’ ಎಂದದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಹೇಳಿದವರ ಗಂಟೇನೂ ಹೋಗುವುದಿಲ್ಲ. ಕೇಳಿದವರು ಅಡ್ಡಮಾತು ಆಡುವ ಹಾಗೂ ಇಲ್ಲ. ನೀರನ್ನು ಯಾರು ತಾನೇ ಬೈದಾರು?

ನಾನು ಲೆಕ್ಕಪತ್ರ ಶಾಖೆಯಲ್ಲೇ ಆಯಸ್ಸು ಸವೆಸಿದವನು. ನಿವೃತ್ತಿಯಾದ ಮಾರನೇ ದಿನದಿಂದ ಕೈಗೆ ಫೈಲಿಲ್ಲ, ತಲೆಗೆ ಗುರಿಯಿಲ್ಲ. ಅಡುಗೆಮನೆಯ ಡಬ್ಬಗಳಿಗೆ ಚೀಟಿ ಅಂಟಿಸಲು ಹೋಗಿ ಬೈಸಿಕೊಂಡೆ. ಪೇಪರಿನವನ ಬಿಲ್ಲಿನಲ್ಲಿ ನಾಲ್ಕು ರೂಪಾಯಿ ವ್ಯತ್ಯಾಸ ಹಿಡಿದು ಅವನ ಸ್ನೇಹವನ್ನೂ ಕಳೆದುಕೊಂಡೆ. ಇದನ್ನೆಲ್ಲ ನೋಡಲಾರದೆ, ಬಾಣಂತನಕ್ಕೆ ಬಂದಿದ್ದ ಮಗಳು ಆನ್‌ಲೈನಿನಲ್ಲಿ ಒಂದು ಬಾಟಲಿ ತರಿಸಿಕೊಟ್ಟಳು. ಎರಡು ಲೀಟರಿನದು. ಮೈಮೇಲೆಲ್ಲ ಗೆರೆ, ಗೆರೆಗೊಂದು ಗಂಟೆ, ಗಂಟೆಗೊಂದು ಹುರಿದುಂಬಿಸುವ ಮಾತು. ಒಂಬತ್ತಕ್ಕೆ ಶುಭಾರಂಭ, ಒಂದಕ್ಕೆ ಅರ್ಧ ದಾರಿ ಮುಗಿಯಿತು, ಐದಕ್ಕೆ ಇನ್ನೇನು ಗೆದ್ದಿರಿ. ಇಡೀ ಸೇವಾವಧಿಯಲ್ಲಿ ಯಾವ ಮೇಲಧಿಕಾರಿಯೂ ನನ್ನ ಬೆನ್ನನ್ನು ಗಂಟೆಗೊಮ್ಮೆ ತಟ್ಟಿರಲಿಲ್ಲ. ಬಾಟಲಿಗೆ ಮನಸೋತೆ.

ಎರಡು ಲೀಟರ್ ಬೇಗ ಹಳತಾಯಿತು. ನನಗೆ ನಾನೇ ಬಡ್ತಿ ಕೊಟ್ಟುಕೊಂಡು ಮೂರಕ್ಕೆ ಹೋದೆ, ಅಲ್ಲಿಂದ ಐದಕ್ಕೆ. ಹಳೇ ಡೈರಿಯೊಂದರಲ್ಲಿ ನೀರಿನ ಲೆಕ್ಕ ತೆರೆದೆ. ಆರಂಭ ಶಿಲ್ಕು, ಜಮಾ, ಬಾಕಿ ಎಂದು ಗೆರೆ ಎಳೆದಾಗ ಎಷ್ಟೋ ತಿಂಗಳ ಮೇಲೆ ಎದೆ ತುಂಬಿ ಬಂತು. ತೊಂದರೆಯೊಂದೇ: ಹಗಲಿಡೀ ಕಾಫಿ, ಹರಟೆ, ನಿದ್ದೆಯಲ್ಲಿ ಹೊತ್ತು ಹೋಗಿ, ರಾತ್ರಿ ಒಂಬತ್ತಕ್ಕೆ ಲೆಕ್ಕ ನೋಡಿದರೆ ಇನ್ನೂ ಎರಡು ಲೀಟರ್ ಬಾಕಿ ನಿಂತಿರುತ್ತಿತ್ತು. ಅನುದಾನ ಲ್ಯಾಪ್ಸ್ ಆಗಲು ಬಿಡುವವನು ಲೆಕ್ಕಪತ್ರ ಶಾಖೆಯವನೇ ಅಲ್ಲ. ಮಾರ್ಚ್ 31ರ ರಾತ್ರಿ ಖಜಾನೆಯ ಮುಂದೆ ನಿಂತ ಗುಮಾಸ್ತನ ಉತ್ಸಾಹದಲ್ಲಿ ಹತ್ತರೊಳಗೆ ಅಷ್ಟನ್ನೂ ಗಟಗಟನೆ ಖರ್ಚು ಹಾಕಿಬಿಡುತ್ತಿದ್ದೆ.

‘ಒಳಗೆ ಹೋದದ್ದನ್ನ ಬರ್ಕೋತೀರಲ್ಲ, ಹೊರಗೆ ಹೋದದ್ದನ್ನ ಯಾರು ಬರೀತಾರೆ ರೀ?’ ಅಂದಳು ನನ್ನಾಕೆ ಸರೋಜ.

ಅವಳಿಗೆ ಸಿಟ್ಟು ಬರಲು ಕಾರಣವಿತ್ತು. ಅದು 2024ರ ಬೇಸಿಗೆ. ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿನವನು ಫೋನೆತ್ತಿದರೆ ಮನೆಮಂದಿ ಹಬ್ಬ ಮಾಡುತ್ತಿದ್ದ ಕಾಲ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಸರೋಜ ಅಕ್ಕಿ ತೊಳೆದ ನೀರನ್ನು ಗಿಡಕ್ಕೆ, ಬಟ್ಟೆ ಹಿಂಡಿದ ನೀರನ್ನು ಬಚ್ಚಲಿಗೆ ಎಂದು ಹನಿಹನಿಗೂ ಎರಡೆರಡು ಜನ್ಮ ಕೊಡುತ್ತಿದ್ದಳು. ಅಂಥಾದ್ದರಲ್ಲಿ ನಾನು ಇಪ್ಪತ್ತು ಲೀಟರಿನ ಕ್ಯಾನನ್ನು ಬಗ್ಗಿಸಿ ಬಗ್ಗಿಸಿ ಕುಡಿಯುವುದು, ಕುಡಿದದ್ದನ್ನು ಕಳೆಯಲು ಹೋದಾಗಲೆಲ್ಲ ಅರ್ಧ ಬಕೆಟ್ ನೀರನ್ನು ಫ್ಲಶ್ ಮಾಡಿ ಬರುವುದು. ‘ಕಾರು ತೊಳೆದರೆ ಐದು ಸಾವಿರ. ಹೊಟ್ಟೆ ತೊಳೆಯೋರಿಗೆ ದಂಡ ಇಲ್ವಂತಾ, ಕೇಳ್ಕೊಂಡು ಬನ್ನಿ’ ಎಂದಳು. ನಾನು ಅದನ್ನು ಅಜ್ಞಾನಿಗಳ ಮಾತು ಎಂದು ಡೈರಿಯ ಅಂಚಿನಲ್ಲೂ ನಮೂದಿಸಲಿಲ್ಲ.

ಅಮ್ಮನದು ಬೇರೆಯೇ ವರಸೆ. ದಿನಕ್ಕೆ ಎಂಟು ಲೋಟವಾದರೂ ಕುಡಿಯಬೇಕೆಂದು ಪ್ರಪಂಚವೇ ಹೇಳುತ್ತಿದೆ ಎಂದು ನಾನು ಉಪದೇಶ ಮಾಡಿದರೆ, ‘ಬೆಳಿಗ್ಗೆ ಎರಡು ಸಲ ಕಾಫಿ ಕುಡೀತೀಯ. ಮಧ್ಯಾಹ್ನ ಸಾರು ಸುರ್‌ ಅಂತ ಹೀರ್ತೀಯ, ಮೇಲೆ ಮಜ್ಜಿಗೆ. ಸೌತೆಕಾಯಿ ಕೋಸಂಬರಿ ಇದ್ದರೆ ಕೇಳೋದೇ ಬೇಡ. ಅದರಲ್ಲೆಲ್ಲ ಇರೋದೇನು, ಸೀಮೆಎಣ್ಣೆಯೇನೋ?’ ಎಂದು ಕೇಳಿದಳು. ಓದು ಬರಹ ನಾಲ್ಕನೇ ಕ್ಲಾಸಿಗೆ ಮುಗಿಸಿದ ಹೆಂಗಸು ಎಂದು ನಕ್ಕುಬಿಟ್ಟೆ.

ಆಮೇಲೆ ಓದಿ ತಿಳಿದ ಸಂಗತಿ ಹೀಗಿದೆ. ಈ ಎಂಟು ಲೋಟದ ಶಾಸನಕ್ಕೆ ಮೂಲ 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣಾ ಮಂಡಳಿ ಕೊಟ್ಟ ಸಲಹೆ ಎಂದು ಹೇಳುತ್ತಾರೆ. ದೊಡ್ಡವರಿಗೆ ದಿನಕ್ಕೆ ಸುಮಾರು ಎರಡೂವರೆ ಲೀಟರ್ ನೀರು ಬೇಕು ಎಂದು ಅವರು ಬರೆದದ್ದು ನಿಜ. ಆದರೆ ಅದರ ಬೆನ್ನಿಗೇ, ಇದರಲ್ಲಿ ಬಹುಪಾಲು ತಿನ್ನುವ ಆಹಾರದಲ್ಲೇ ಇರುತ್ತದೆ ಎಂದೂ ಬರೆದಿದ್ದರು. ಮೊದಲ ವಾಕ್ಯವನ್ನು ಲೋಕವೆಲ್ಲ ಬಾಯಿಪಾಠ ಮಾಡಿತು, ಎರಡನೆಯದನ್ನು ಯಾರೂ ಓದಲಿಲ್ಲ. ಸುತ್ತೋಲೆಯ ಮೊದಲ ಸಾಲು ಓದಿ ಕಡತ ಮುಚ್ಚುವುದು ನಮ್ಮ ಇಲಾಖೆಯೊಂದರ ಕಾಯಿಲೆ ಎಂದುಕೊಂಡಿದ್ದೆ. 2002ರಲ್ಲಿ ಹೈಂಜ್ ವಾಲ್ಟಿನ್ ಎಂಬ ಅಮೆರಿಕದ ಮೂತ್ರಪಿಂಡ ತಜ್ಞರು ಎಂಟು ಲೋಟಕ್ಕೆ ಆಧಾರವೇನೆಂದು ಹುಡುಕಿ ಹುಡುಕಿ, ಆರೋಗ್ಯವಂತರೆಲ್ಲ ಅಷ್ಟು ಕುಡಿಯಲೇಬೇಕು ಎನ್ನುವುದಕ್ಕೆ ವೈಜ್ಞಾನಿಕ ಪುರಾವೆ ಕಾಣಲಿಲ್ಲ ಎಂದು ಬರೆದರು. ಅನ್ನದಲ್ಲಿ ಮುಕ್ಕಾಲು ಪಾಲಿಗೆ ಹತ್ತಿರ ನೀರೇ, ಸೌತೆಕಾಯಿಯಲ್ಲಂತೂ ನೂರಕ್ಕೆ ತೊಂಬತ್ತೈದು ಪಾಲು. ಅಂದರೆ ಅಮೆರಿಕದ ಮಂಡಳಿ ಮತ್ತು ನಾಲ್ಕನೇ ಕ್ಲಾಸಿನ ನಮ್ಮಮ್ಮ ಒಂದು ಪಕ್ಷ, ನಾನೂ ನನ್ನ ಬಾಟಲಿಯೂ ಇನ್ನೊಂದು ಪಕ್ಷ.

ಗಂಟಲು ಕೂಡ ಅಮ್ಮನ ಪಕ್ಷವೇ. ನಾಲ್ಕನೇ ಲೀಟರಿನ ಹೊತ್ತಿಗೆ ಗುಟುಕು ಬಾಯೊಳಗೇ ನಿಂತು, ಕೆಳಗಿಳಿಯಲು ಒಪ್ಪುತ್ತಿರಲಿಲ್ಲ. ನಾನು ಇದನ್ನು ಸಂಕಲ್ಪಬಲದ ಕೊರತೆ ಎಂದು ತಿಳಿದು, ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು ನುಂಗುತ್ತಿದ್ದೆ. ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದವರು 2016ರಲ್ಲಿ ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದ್ದಾರೆ. ಬಾಯಾರಿಕೆ ತೀರಿದ ಮೇಲೂ ನೀರು ಕುಡಿಸಿದರೆ, ಅದನ್ನು ನುಂಗಲು ಜನ ಮೂರು ಪಟ್ಟು ಹೆಚ್ಚು ಪ್ರಯಾಸ ಪಡುತ್ತಾರಂತೆ. ಮಿದುಳು ಹೇಳದೆಯೇ ಬಾಗಿಲು ಹಾಕುತ್ತದೆ. ನಾನು ಪ್ರತಿ ರಾತ್ರಿ ಆ ಬಾಗಿಲನ್ನು ಭುಜ ಕೊಟ್ಟು ದೂಡುತ್ತಿದ್ದ ಮಹಾಶೂರ.

ಹಾಸನದಲ್ಲಿ ಸರೋಜಳ ಅಣ್ಣನ ಮನೆಯ ಗೃಹಪ್ರವೇಶ. ಮಧ್ಯಾಹ್ನ ಊಟದ ಗಲಾಟೆಯಲ್ಲಿ ಗುರಿ ತಪ್ಪೀತೆಂದು ಬಸ್ಸು ಹತ್ತುವ ಮೊದಲೇ ಆ ಹೊತ್ತಿನ ಪಾಲನ್ನೂ ಸೇರಿಸಿ ಕುಡಿದು ಕೂತೆ. ನೆಲಮಂಗಲ ದಾಟುವ ಮೊದಲೇ ಮೊದಲ ಕರೆ ಬಂತು. ಕುಣಿಗಲ್ಲು ಬರುವಷ್ಟರಲ್ಲಿ ಸೀಟಿನಲ್ಲೇ ಊರ ಹೆಸರಿಗೆ ತಕ್ಕಂತೆ ಆಗಿದ್ದೆ. ಕಂಡಕ್ಟರು ದೊಡ್ಡ ಮನಸ್ಸಿನವರು, ಬಸ್ ನಿಲ್ಲಿಸಿದರು. ಬೆಳ್ಳೂರು ಕ್ರಾಸಿಗೆ ಇನ್ನೂ ದೂರವಿರುವಾಗ ಮತ್ತೆ ಎದ್ದು ನಿಂತೆ. ಅವರು ಹತ್ತಿರ ಬಂದು, ಬಸ್ಸಿಗೆಲ್ಲ ಕೇಳುವಷ್ಟು ಮೆತ್ತಗೆ, ‘ಯಜಮಾನ್ರೇ, ಶುಗರ್ರಾ?’ ಎಂದು ಕೇಳಿದರು.

‘ಅಲ್ಲಪ್ಪ, ಆರೋಗ್ಯ’ ಅಂದೆ.

ಇಡೀ ಬಸ್ಸು ಕಿಟಕಿಯ ಕಡೆಗೆ ತಿರುಗಿ ನಕ್ಕಿತು. ಸರೋಜ ಪಕ್ಕದ ಸೀಟಿನ ಹೆಂಗಸಿಗೆ ನಾನು ಯಾರೆಂದು ಗೊತ್ತೇ ಇಲ್ಲದವಳಂತೆ ಚನ್ನರಾಯಪಟ್ಟಣದ ತೆಂಗಿನ ಬೆಲೆ ವಿಚಾರಿಸುತ್ತಿದ್ದಳು.

ಊರಿಂದ ಬಂದ ಮೇಲೆ ರಾತ್ರಿಯ ಓಡಾಟ ಇನ್ನೂ ಹೆಚ್ಚಿತು. ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಮಂಚಕ್ಕೆ. ಮಲಗುವ ಮುಂಚೆ ತಲೆ ಭಾರ, ಹೊಟ್ಟೆ ತೊಳಸು. ಇದು ದೇಹದ ವಿಷವೆಲ್ಲ ಹೊರಗೆ ಹೋಗುವ ಲಕ್ಷಣ ಎಂದು ಪಾರ್ಕಿನ ಪಂಡಿತರು ಧೈರ್ಯ ಹೇಳಿದರು. ಸರೋಜಳಿಗೆ ಸಕ್ಕರೆ ಕಾಯಿಲೆಯ ಭಯ, ಅಮ್ಮನಿಗೆ ದೃಷ್ಟಿಯ ಭಯ. ಅಮ್ಮ ನಿವಾಳಿಸಿದಳು, ಸರೋಜ ಎಳೆದುಕೊಂಡು ಹೋಗಿ ನಮ್ಮ ಬೀದಿಯ ಡಾಕ್ಟರ ಮುಂದೆ ಕೂರಿಸಿದಳು. ರಕ್ತ ಕೊಟ್ಟೆ, ಪ್ರಾಸ್ಟೇಟಿನ ಸ್ಕ್ಯಾನ್ ಆಯಿತು. ಸಕ್ಕರೆ ಸರಿಯಿದೆ, ಪ್ರಾಸ್ಟೇಟ್ ವಯಸ್ಸಿಗೆ ತಕ್ಕ ಹಾಗಿದೆ. ಕೊನೆಗೆ ಡಾಕ್ಟರು ಪೆನ್ನು ಕೆಳಗಿಟ್ಟು, ‘ದಿನಕ್ಕೆ ನೀರೆಷ್ಟು ಕುಡೀತೀರಿ?’ ಎಂದರು.

ಇಡೀ ಭೇಟಿಯಲ್ಲಿ ನಾನು ಕಾಯುತ್ತಿದ್ದ ಪ್ರಶ್ನೆ. ಎದೆಯುಬ್ಬಿಸಿ ‘ಐದು ಲೀಟರ್ ಸಾರ್’ ಎಂದೆ. ಡೈರಿಯನ್ನೂ ಮುಂದಿಟ್ಟೆ.

‘ಯಾಕೆ?’ ಅಂದರು.

ನನ್ನ ಹತ್ತಿರ ಎಲ್ಲ ಲೆಕ್ಕವೂ ಇತ್ತು, ಇದೊಂದು ಇರಲಿಲ್ಲ. ಅವರು ಡೈರಿ ತಿರುವಿ, ರಾತ್ರಿ ಒಂಬತ್ತರಿಂದ ಹತ್ತರೊಳಗೆ ಎರಡು ಲೀಟರ್ ಎಂದಿದ್ದಲ್ಲಿ ಬೆರಳಿಟ್ಟರು. ‘ಐದು ಲೀಟರನ್ನ ದಿನವೆಲ್ಲ ಹಂಚಿ ಕುಡಿದರೆ ಆರೋಗ್ಯವಾಗಿರೋ ಕಿಡ್ನಿ ಬೈಕೊಂಡಾದ್ರೂ ಹೊರಗೆ ಹಾಕುತ್ತೆ. ಇದು ಅಪಾಯ’ ಎಂದರು.

ಅವರು ಬಿಡಿಸಿ ಹೇಳಿದ್ದು ಇಷ್ಟು. ಎರಡು ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ, ಒಂದೆರಡು ಲೀಟರ್ ಬಿಟ್ಟು ಮಿಕ್ಕದ್ದನ್ನೆಲ್ಲ ಮರಳಿ ರಕ್ತಕ್ಕೆ ಸೇರಿಸುತ್ತವೆ. ಆದರೆ ಹೆಚ್ಚಿಗೆ ಬಂದ ನೀರನ್ನು ಹೊರಗೆ ಹಾಕುವ ಅವುಗಳ ಶಕ್ತಿಗೆ ಮಿತಿಯಿದೆ. ಗಂಟೆಗೆ ಹೆಚ್ಚೆಂದರೆ ಒಂದು ಲೀಟರಿನ ಆಸುಪಾಸು. ಅದಕ್ಕಿಂತ ಜೋರಾಗಿ ಸುರಿದುಕೊಂಡರೆ ರಕ್ತದ ಉಪ್ಪು ತೆಳ್ಳಗಾಗುತ್ತದೆ, ಹೇಳದೆ ಕೇಳದೆ ಹತ್ತು ಜನ ನೆಂಟರು ಬಂದಾಗ ಸಾರಿಗೆ ಚೊಂಬುಗಟ್ಟಲೆ ನೀರು ಬೆರೆಸಿದ ಹಾಗೆ. ರಕ್ತದಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. ಅದು ಇಳಿದಾಗ ನೀರು ಜೀವಕೋಶಗಳೊಳಗೆ ನುಗ್ಗಿ ಅವು ಊದಿಕೊಳ್ಳುತ್ತವೆ. ಕಾಲಿನಲ್ಲೋ ಹೊಟ್ಟೆಯಲ್ಲೋ ಊದಿದರೆ ಜಾಗವುಂಟು. ಮಿದುಳು ಊದಿದರೆ ತಲೆಬುರುಡೆ ಸರಿದು ಜಾಗ ಕೊಡುವುದಿಲ್ಲ. ಮೊದಲು ತಲೆನೋವು, ವಾಕರಿಕೆ, ಆಮೇಲೆ ಗಲಿಬಿಲಿ, 120ರ ಕೆಳಗೆ ಹೋದರೆ ಫಿಟ್ಸ್, ಎಚ್ಚರ ತಪ್ಪುವುದು, ಪ್ರಾಣವೇ ಹೋಗುವುದು. ನನ್ನದು 136ಕ್ಕೆ ಬಂದು ಅಂಚಿನಲ್ಲಿ ಕಾಲಿಳಿಬಿಟ್ಟು ಕೂತಿತ್ತು.

‘ನೀರು ಕುಡಿದು ಸತ್ತವರು ಉಂಟಾ ಸಾರ್?’ ಎಂದು ನಗುತ್ತಲೇ ಕೇಳಿದೆ. ಅವರು ನಗಲಿಲ್ಲ. 2007ರ ಜನವರಿಯಲ್ಲಿ ಅಮೆರಿಕದ ಸ್ಯಾಕ್ರಮೆಂಟೊದಲ್ಲಿ ಒಂದು ರೇಡಿಯೊ ಕೇಂದ್ರ, ಮೂತ್ರಕ್ಕೆ ಹೋಗದೆ ಅತಿ ಹೆಚ್ಚು ನೀರು ಕುಡಿದವರಿಗೆ ವಿಡಿಯೊ ಗೇಮ್ ಯಂತ್ರ ಬಹುಮಾನ ಎಂದು ಪಂದ್ಯ ಇಟ್ಟಿತ್ತು. ಇದರಿಂದ ಪ್ರಾಣ ಹೋಗಬಹುದು ಎಂದು ನರ್ಸೊಬ್ಬರು ಫೋನ್ ಮಾಡಿ ಎಚ್ಚರಿಸಿದರೂ ಕಾರ್ಯಕ್ರಮ ನಿಲ್ಲಲಿಲ್ಲ. ಮಕ್ಕಳಿಗೆಂದು ಆ ಯಂತ್ರ ಗೆಲ್ಲಲು ಬಂದಿದ್ದ ತಾಯಿ, ಇಪ್ಪತ್ತೆಂಟು ವರ್ಷದವರು, ತಲೆನೋವೆಂದು ಮನೆಗೆ ಹೋದರು. ಅವತ್ತೇ ತೀರಿಕೊಂಡರು. ಇದನ್ನು ಕೇಳಿ ನನಗೆ ಡೈರಿ ಮಡಚಿಡಬೇಕೆನಿಸಿತು.

ಇನ್ನೊಂದು ಮ್ಯಾರಥಾನ್ ಓಟಗಾರರ ಕಥೆ. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷಿಸಿದರೆ, ನೂರಕ್ಕೆ ಹದಿಮೂರು ಮಂದಿಯಲ್ಲಿ ಸೋಡಿಯಂ 135 ಅಥವಾ ಅದಕ್ಕೂ ಕೆಳಗಿತ್ತು. ಮೂವರಲ್ಲಿ ಪ್ರಾಣಾಪಾಯದ ಮಟ್ಟಕ್ಕೆ ಇಳಿದಿತ್ತು. ಓಡಿ ಓಡಿ ತೂಕ ಇಳಿಯಬೇಕಾದಲ್ಲಿ ಕೆಲವರ ತೂಕ ಏರಿತ್ತು, ದಾರಿಯುದ್ದಕ್ಕೂ ಅಷ್ಟು ಕುಡಿದಿದ್ದರು. ಓಟದ ಆಯಾಸ, ನೋವು, ವಾಕರಿಕೆ, ಕೆಲವು ಮಾತ್ರೆಗಳು, ಇವೆಲ್ಲ ಸೇರಿದರೆ ನೀರು ಹೊರಗೆ ಬಿಡಬೇಡ ಎನ್ನುವ ಹಾರ್ಮೋನು ಏರುತ್ತದೆಯಂತೆ. ಆಗ ಮಾಮೂಲಿಯಾಗಿ ದಕ್ಕುವ ನೀರೂ ದಕ್ಕುವುದಿಲ್ಲ. ನನಗೆ ಇದರಲ್ಲಿ ಹಿಡಿಸಿದ್ದು ಬೇರೆಯೇ. ಸಂಜೆ ಪಾರ್ಕಿನಲ್ಲಿ ಸಮಯ ನೋಡಿ, ‘ಸಾಮಾನ್ಯವಾಗಿ ಮ್ಯಾರಥಾನ್ ಓಡೋರಿಗೆ ಬರೋ ತೊಂದರೆ ಕಣ್ರೀ, ನನಗೂ ಸ್ವಲ್ಪ ಅದರ ಅಂಚಿಗೆ ಬಂದಿದೆಯಂತೆ’ ಎಂದು ಗಂಭೀರವಾಗಿ ಹೇಳಿದೆ. ಎರಡು ದಿನ ಜನ ನನ್ನ ಮೊಣಕಾಲಿನ ಕಡೆ ಗೌರವದಿಂದ ನೋಡಿದರು.

ಎದುರುಮನೆಯ ಸಂಸ್ಕೃತ ಮೇಷ್ಟರು ಮಾತ್ರ ಬಿಡಲಿಲ್ಲ. ಉಷಃಪಾನ, ತಾಮ್ರದ ಚೊಂಬು ಎಂದು ನಾನು ಆಯುರ್ವೇದದ ಮರೆಗೆ ಓಡಿದರೆ ಅಲ್ಲಿಗೂ ಬಂದರು. ವಾಗ್ಭಟನ ಅಷ್ಟಾಂಗಹೃದಯದಲ್ಲಿ, ಬೇಸಿಗೆ ಮತ್ತು ಶರದೃತು ಬಿಟ್ಟರೆ ಆರೋಗ್ಯವಂತನೂ ನೀರನ್ನು ಕಡಿಮೆಯೇ ಕುಡಿಯಬೇಕು ಎಂದಿದೆಯಂತೆ. ಊಟದ ಮೊದಲು ಕುಡಿದರೆ ಸಣಕಲು, ಮಧ್ಯೆ ಕುಡಿದರೆ ಸಮ, ಊಟದ ಮೇಲೆ ಕುಡಿದರೆ ದಪ್ಪ ಎಂದೂ ಇದೆಯಂತೆ. ನಾನು ಮೂರೂ ಹೊತ್ತು ಕುಡಿದೂ ದಪ್ಪವೊಂದೇ ಆಗಿರುವುದನ್ನು ಮೇಷ್ಟರು ಶಾಸ್ತ್ರದೃಷ್ಟಿಯಿಂದ ಸ್ವಲ್ಪ ಹೊತ್ತು ಪರಿಶೀಲಿಸಿ, ಏನೂ ಹೇಳದೆ ಗೇಟು ಹಾಕಿಕೊಂಡರು.

ಡಾಕ್ಟರ ಕೋಣೆಯಲ್ಲಿ ಇನ್ನೊಂದು ಮಾತು ನಡೆದಿತ್ತು, ಅದನ್ನು ಪಾರ್ಕಿನಲ್ಲಿ ಹೇಳಿರಲಿಲ್ಲ. ‘ಮನೇಲಿ ಬೇರೆ ಯಾರಿಗಾದ್ರೂ ಹೀಗೆ ಕುಡಿಸ್ತಿದ್ದೀರಾ?’ ಎಂದು ಅವರು ಕೇಳಿದಾಗ ನಾನು ಇನ್ನೂ ಹುರುಪಿನಲ್ಲಿದ್ದೆ. ಅಮ್ಮನಿಗೂ ಎರಡು ಲೀಟರ್ ನಿಗದಿ ಮಾಡಿದ್ದೇನೆ, ಬೆಳಿಗ್ಗೆಯೇ ಹೂಜಿ ತುಂಬಿಸಿ ಮಂಚದ ಪಕ್ಕ ಇಡುತ್ತೇನೆ, ಸಂಜೆ ಖಾಲಿಯಾಗಿರುತ್ತದೆ ಎಂದೆ. ಅವರ ಮುಖ ಬದಲಾಯಿತು. ಅಮ್ಮನಿಗೆ ಎಂಬತ್ತು ದಾಟಿದೆ. ಬಿ.ಪಿ.ಗೆ ಥಯಾಜೈಡ್ ಜಾತಿಯ ಮಾತ್ರೆ ನುಂಗುತ್ತಾಳೆ. ಅದು ಮೂತ್ರದ ಜೊತೆ ಉಪ್ಪನ್ನೂ ಹೊರಗೆ ಕಳಿಸುವ ಮಾತ್ರೆ. ಊಟದಲ್ಲಿ ಉಪ್ಪು ಕಡಿಮೆ ಮಾಡಿಸಿದ್ದೇವೆ. ಅದರ ಮೇಲೆ ಬಲವಂತದ ನೀರು. ‘ಸೋಡಿಯಂ ಕಡಿಮೆಯಾಗಿ ಆಸ್ಪತ್ರೆ ಸೇರೋ ವಯಸ್ಸಾದವರಲ್ಲಿ ಇಂಥವರು ಎಷ್ಟು ಜನ ಗೊತ್ತೇನ್ರೀ? ನಾಳೇನೇ ಅವರ ರಕ್ತ ತೆಗೆಸಿ’ ಎಂದರು.

ಆ ರಾತ್ರಿ ನಾನು ಎದ್ದದ್ದು ಬಚ್ಚಲಿಗಲ್ಲ. ಅಮ್ಮನ ಬಾಗಿಲಲ್ಲಿ ನಿಂತು ಉಸಿರಾಟ ಕೇಳಿಸಿಕೊಂಡು, ‘ಅಮ್ಮ, ಇವತ್ತು ಯಾವ ವಾರ?’ ಎಂದು ಕೇಳಿದೆ. ‘ನಿನ್ನ ತಲೆ ಕೆಟ್ಟ ವಾರ. ಮಲಗೋ’ ಎಂದಳು. ಬುದ್ಧಿ ನೆಟ್ಟಗಿದೆ ಎಂದು ಸ್ವಲ್ಪ ಧೈರ್ಯವಾಯಿತು.

ವರದಿ ಬಂತು. ಸೋಡಿಯಂ 139. ಹರೆಯದವರ ಹಾಗಿದೆ ಎಂದರು ಡಾಕ್ಟರು. ನನಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಿದ್ದು ಸರೋಜ. ಅಮ್ಮನ ಕೋಣೆಯ ಕಿಟಕಿಯ ಹೊರಗೆ ಕುಂಡದಲ್ಲಿದ್ದ ಕರಿಬೇವಿನ ಗಿಡ ಕೆಲವು ವಾರದಿಂದ ಹಳದಿ ತಿರುಗಿ ಎಲೆ ಉದುರಿಸುತ್ತಿತ್ತು. ನಾನು ಅದಕ್ಕೆ ಹುಳಿಮಜ್ಜಿಗೆ ಹಾಕಿಸಿದ್ದೆ, ಗೊಬ್ಬರ ಹಾಕಿಸಿದ್ದೆ, ನರ್ಸರಿಯವನ ಜೊತೆ ಜಗಳವಾಡಿದ್ದೆ. ಸರೋಜ ಕುಂಡ ಬಗ್ಗಿಸಿ ನೋಡಿದರೆ ಮಣ್ಣು ರಾಡಿಯಾಗಿ ಬೇರೆಲ್ಲ ಕೊಳೆತುಹೋಗಿತ್ತು. ನಾನು ನಿಗದಿ ಮಾಡಿದ ಎರಡು ಲೀಟರನ್ನು ಅಮ್ಮ ದಿನವೂ ತಪ್ಪದೆ ಕಿಟಕಿಯಾಚೆ ಸುರಿದಿದ್ದಳು.

‘ಉಪ್ಪು ತಿಂದೋನು ನೀರು ಕುಡೀಲೇಬೇಕು ಅಂತಾರೆ. ನನಗೆ ಉಪ್ಪನ್ನೇ ಬಿಡಿಸಿದ್ದೀರಲ್ಲೋ, ಇನ್ನು ಆ ಪಾಟಿ ನೀರು ಯಾಕೆ?’ ಎಂದಳು. ಡಾಕ್ಟರು ಹತ್ತು ನಿಮಿಷ ಚಿತ್ರ ಬರೆದು ಹೇಳಿದ್ದು ಇದನ್ನೇ.

ಅಮ್ಮ ಎಲ್ಲದರಲ್ಲೂ ಗೆದ್ದಳು ಎಂದು ತಿಳಿಯಬೇಡಿ. ಮೂರು ತಿಂಗಳ ಮರಿಮಗುವಿಗೆ ಸೆಕೆಯೆಂದು ಕಾದಾರಿದ ನೀರನ್ನು ಒಳಲೆಯಲ್ಲಿ ತುಂಬಿಕೊಂಡು ಹೋದಾಗ ಮಗಳು ತಡೆದಳು. ಆರು ತಿಂಗಳು ತುಂಬುವವರೆಗೆ ತಾಯಿಹಾಲು ಬಿಟ್ಟು ಬೇರೆ ನೀರೂ ಬೇಡ ಎನ್ನುವುದು ಮಕ್ಕಳ ಡಾಕ್ಟರುಗಳ ಕಟ್ಟಪ್ಪಣೆ. ತಾಯಿಹಾಲಿನಲ್ಲೇ ನೂರಕ್ಕೆ ಎಂಬತ್ತೇಳು ಪಾಲು ನೀರಿದೆ, ಎಳೆಯ ಕಿಡ್ನಿಗೆ ಮೇಲಿನ ನೀರನ್ನು ಕಳೆಯುವ ಕಸುವೂ ಸಾಲದು. ‘ನಿಮ್ಮಪ್ಪನಿಗೆ ನಾನು ಕುಡಿಸಿರಲಿಲ್ವೇನೆ? ಏನಾಗಿದೆ ಅವನಿಗೆ?’ ಎಂದಳು ಅಮ್ಮ. ಮಗಳೂ ಸರೋಜಳೂ ಒಟ್ಟಿಗೆ ನನ್ನ ಕಡೆ ನೋಡಿದರು. ಉತ್ತರವನ್ನು ಯಾರೂ ಹೇಳಲಿಲ್ಲ.

ಈಗ ಬಾಯಾರಿದರೆ ಕುಡಿಯುತ್ತೇನೆ, ಇಲ್ಲದಿದ್ದರೆ ಇಲ್ಲ. ಡೈರಿಯಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದೇನೆ. ಬಾಟಲಿಯಲ್ಲಿ ಸರೋಜ ಸೀಗೆಪುಡಿ ತುಂಬಿಟ್ಟಿದ್ದಾಳೆ, ಅದು ಈಗ ‘ಅರ್ಧ ದಾರಿ ಮುಗಿಯಿತು’ ಎನ್ನುವ ಗೆರೆಯಲ್ಲಿದೆ. ಹಾಗೆಂದು ನೀರಿನ ಮೇಲೆ ಮುನಿಸಿಕೊಂಡು ಕೂರುವ ಇನ್ನೊಂದು ಹುಚ್ಚನ್ನು ಯಾರೂ ಹಚ್ಚಿಕೊಳ್ಳಬೇಡಿ. ಕಿಡ್ನಿಯಲ್ಲಿ ಕಲ್ಲಾದವರು, ಬಿಸಿಲಲ್ಲಿ ದುಡಿಯುವವರು ಹೆಚ್ಚಿಗೇ ಕುಡಿಯಬೇಕು. ವಾಂತಿಭೇದಿಯಾದವರಿಗೆ ಬರಿ ನೀರು ಸಾಲದು, ಓ.ಆರ್.ಎಸ್. ಬೇಕು. ಹೃದಯದ, ಕಿಡ್ನಿಯ ತೊಂದರೆ ಇರುವವರು ಎಷ್ಟು ಕುಡಿಯಬೇಕೆಂಬುದನ್ನು ಪಾರ್ಕಿನಲ್ಲಿ ಕೇಳದೆ ತಮ್ಮ ಡಾಕ್ಟರನ್ನೇ ಕೇಳಲಿ.

ನಿಮ್ಮ ಮನೆಯಲ್ಲಿ ಬಿ.ಪಿ. ಮಾತ್ರೆ ನುಂಗುವ ಹಿರಿಯರಿದ್ದರೆ ಒಂದು ವಿಷಯ ನೆನಪಿಟ್ಟುಕೊಳ್ಳಿ. ನಿನ್ನೆಯವರೆಗೆ ಸರಿಯಾಗಿದ್ದವರು ಇದ್ದಕ್ಕಿದ್ದಂತೆ ತಡವರಿಸಿದರೆ, ಹೆಸರು ಮರೆತರೆ, ನಡೆಯುವಾಗ ವಾಲಿದರೆ, ವಯಸ್ಸಾಯಿತಲ್ಲ ಎಂದು ಸುಮ್ಮನಾಗಬೇಡಿ. ಉಪ್ಪುನೀರು ಕಲಸಿ ಕುಡಿಸುವ ಮನೆವೈದ್ಯಕ್ಕೂ ಇಳಿಯಬೇಡಿ, ಇಳಿದ ಸೋಡಿಯಂ ಅನ್ನು ಅವಸರದಲ್ಲಿ ಏರಿಸಿದರೂ ಮಿದುಳಿಗೆ ಪೆಟ್ಟು. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ರಕ್ತದ ಸೋಡಿಯಂ ಪರೀಕ್ಷೆ ಮಾಡಿಸಿ. ಅಂದೇ ವರದಿ ಸಿಗುವ ಸಾಮಾನ್ಯ ಪರೀಕ್ಷೆ ಅದು.